ಎನ್‌ಎಸ್‌ಎಸ್ ಶಿಬಿರದಿಂದ ಬಂದ ಮೇಲೆ ಏನು ಬರೆಯಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ಏಳು ದಿನದ ವಾರ್ಷಿಕ ವಿಶೇಷ ಶಿಬಿರ ಮುಗಿಸಿ ಬಸ್ಸು ಹತ್ತುವ ಹೊತ್ತಿಗೆ ಸ್ವಯಂಸೇವಕರಿಗೆ ಎರಡು ಕೆಲಸ ಬಾಕಿ ಇರುತ್ತವೆ. ಒಂದು ಬಟ್ಟೆ ಒಗೆಯುವುದು, ಇನ್ನೊಂದು ಅನುಭವ ಬರೆದುಕೊಡುವುದು. ಮೊದಲನೆಯದು ಹೇಗೋ ಆಗುತ್ತದೆ. ಎರಡನೆಯದಕ್ಕೆ ಮಾತ್ರ ಕಾರ್ಯಕ್ರಮಾಧಿಕಾರಿಯ ಕೋಣೆಯ ಬಾಗಿಲಲ್ಲಿ ಸಾಲು ನಿಲ್ಲುತ್ತದೆ: ‘ಸಾರ್, ಏನು ಬರೀಬೇಕು?’ ಆ ಸಾಲಿನ ಈಚೆ ಬದಿ ಕೂತು ವರ್ಷಾವರ್ಷ ಕೇಳಿಸಿಕೊಂಡ ಪ್ರಶ್ನೆಗಳು ಇವು. ಉತ್ತರಗಳು ನನ್ನವು. ವಿಶ್ವವಿದ್ಯಾಲಯದ ಸುತ್ತೋಲೆ ಎಂದು ಯಾರೂ ತಿಳಿಯಬೇಕಿಲ್ಲ.

ಅನುಭವ ಬರೆದುಕೊಡುವುದು ಕಡ್ಡಾಯವೇ?

ಪ್ರಮಾಣಪತ್ರಕ್ಕೆ ಬೇಕಿರುವುದು ಎರಡು ವರ್ಷದಲ್ಲಿ 240 ಗಂಟೆಗಳ ಸೇವೆ, ಅಂದರೆ ವರ್ಷಕ್ಕೆ 120, ಜೊತೆಗೆ ಏಳು ದಿನದ ಒಂದು ವಿಶೇಷ ಶಿಬಿರ. ಕೆಲಸದ ಡೈರಿಯನ್ನೂ ಇಟ್ಟಿರಬೇಕು. ಅದರಾಚೆಗಿನ ಅನುಭವ ಬರಹವನ್ನು ಕೆಲವು ಕಾಲೇಜುಗಳು ಕೇಳುತ್ತವೆ, ಕೆಲವು ಕೇಳುವುದಿಲ್ಲ.

ಕೇಳದಿದ್ದರೂ ಬರೆಯಿರಿ. ಸಮಾರೋಪದ ದಿನ ಮೈಕಿನ ಮುಂದೆ ಹೇಳುವ ಅನಿಸಿಕೆಯಲ್ಲಿ ನಿಜ ಹೇಳಲು ಜಾಗವೇ ಇರುವುದಿಲ್ಲ. ಎದುರಿಗೆ ಪ್ರಾಂಶುಪಾಲರು, ಪಕ್ಕದಲ್ಲಿ ಪಂಚಾಯಿತಿ ಅಧ್ಯಕ್ಷರು, ಹಿಂದೆ ಏಳು ದಿನ ಅಡುಗೆ ಮಾಡಿ ಹಾಕಿದವರು. ಅಲ್ಲಿ ಧನ್ಯವಾದ ಹೇಳಿ, ಎನ್‌ಎಸ್‌ಎಸ್ ಚಪ್ಪಾಳೆ ತಟ್ಟಿಸಿಕೊಂಡು ಇಳಿಯುವುದೇ ಸರಿ. ಉಳಿದದ್ದಕ್ಕೆ ಕಾಗದ ಬೇಕು.

ದಿನಾ ಬೆಳಿಗ್ಗೆ ವರದಿ ಓದಿದ್ದೇವಲ್ಲ, ಅದನ್ನೇ ಕೂಡಿಸಿ ಕೊಟ್ಟರೆ ಆಗದೇ?

ಆಗುವುದಿಲ್ಲ. ‘5.30ಕ್ಕೆ ಎದ್ದೆವು, ಧ್ವಜಾರೋಹಣವಾಯಿತು, ತಿಂಡಿಗೆ ಉಪ್ಪಿಟ್ಟಿತ್ತು, ಶ್ರಮದಾನದಲ್ಲಿ ಕಲ್ಯಾಣಿ ಸ್ವಚ್ಛ ಮಾಡಿದೆವು, ಮಧ್ಯಾಹ್ನ ಉಪನ್ಯಾಸ ಅದ್ಭುತವಾಗಿತ್ತು’ ಎಂಬ ವರದಿಗೆ ಅದರದೇ ಗೌರವವಿದೆ; ತಂಡದ ಕೀಟಲೆಗಳೆಲ್ಲ ಅದರಲ್ಲೇ ಸೇರಿರುತ್ತವೆ. ಆದರೆ ಅದನ್ನು ಐವತ್ತು ಜನರ ಪರವಾಗಿ ಒಬ್ಬರು ಬರೆದಿರುತ್ತಾರೆ. ನನಗೆ ಬೇಕಾದದ್ದು ಆ ಐವತ್ತರಲ್ಲಿ ನೀವೊಬ್ಬರೇ ಕಂಡದ್ದು. ಉಪನ್ಯಾಸದ ಹೊತ್ತಿಗೆ ನೀವು ನಿದ್ದೆ ಮಾಡಿದ್ದರೆ ಅದನ್ನೂ ಬರೆಯಬಹುದು. ಉಪನ್ಯಾಸಕರಿಗೆ ತೋರಿಸುವುದಿಲ್ಲ.

ಎಲ್ಲಿಂದ ಶುರು ಮಾಡಲಿ?

‘ಪ್ರಕೃತಿಯ ಮಡಿಲಲ್ಲಿ ಹಚ್ಚಹಸಿರಿನ ಪುಟ್ಟ ಗ್ರಾಮ’ದಿಂದ ಬೇಡ. ಬಯಲುಸೀಮೆಯ ಬೇಸಿಗೆ ಶಿಬಿರದ ಬರಹವೂ ಹೀಗೆಯೇ ಶುರುವಾಗಿದ್ದನ್ನು ನೋಡಿದ್ದೇನೆ. ಅಲ್ಲಿ ಹಸಿರಿದ್ದದ್ದು ಶಾಲೆಯ ಕಾಂಪೌಂಡಿನ ಹೊರಗಿನ ಕಾಂಗ್ರೆಸ್ ಗಿಡ ಮಾತ್ರ, ಅದನ್ನೂ ಎರಡನೇ ದಿನ ನಾವೇ ಕಿತ್ತು ಹಾಕಿದ್ದೆವು.

ನಿಮಗೆ ಅರ್ಥವಾಗದೆ ಉಳಿದ ಒಂದು ವಿಷಯದಿಂದ ಶುರು ಮಾಡಿ. ಒಬ್ಬ ಹುಡುಗಿ ಬರೆದಿದ್ದಳು: ಸಮೀಕ್ಷೆಗೆ ಹೋದ ಮನೆಯಲ್ಲಿ ‘ಶೌಚಾಲಯ ಇದೆಯಾ’ ಎಂದು ಕೇಳಿದರೆ ‘ಇದೆ’ ಎಂದರಂತೆ. ನೋಡಿದರೆ ಒಳಗೆ ಸೌದೆ, ಮೇಲೊಂದು ಮೇವಿನ ಹೊರೆ. ಬಾಗಿಲ ಮೇಲೆ ಫಲಾನುಭವಿಯ ಹೆಸರು, ಯೋಜನೆಯ ಹೆಸರು ಅಚ್ಚುಕಟ್ಟಾಗಿ ಬರೆದಿತ್ತು. ಫಾರಂನಲ್ಲಿ ‘ಹೌದು’ ಎಂದು ಟಿಕ್ ಹಾಕಬೇಕೋ ‘ಇಲ್ಲ’ ಎಂದೋ ತಿಳಿಯದೆ ಆಕೆ ಅಂಗಳದಲ್ಲೇ ನಿಂತುಬಿಟ್ಟಳು. ಮನೆಯಾಕೆಯೇ ಕೊನೆಗೆ ವಿವರಿಸಿದರು: ನೀರು ಹೊರುವುದು ಸೊಸೆ, ಒಂದು ಸಲ ಹೋಗಿ ಬಂದರೆ ಒಂದು ಬಿಂದಿಗೆ ಖಾಲಿ, ಯಾರು ಹೊರುತ್ತಾರೆ? ಆ ಹುಡುಗಿಯ ಬರಹ ಅಲ್ಲಿಂದ ಹೊರಟು ನಲ್ಲಿಗೆ ನೀರು ಬಿಡುವ ಸಮಯ, ಪಂಪ್ ಆಪರೇಟರ್, ವಿದ್ಯುತ್ತಿನವರೆಗೆ ಹೋಯಿತು. ‘ಗ್ರಾಮಸ್ಥರಲ್ಲಿ ಅರಿವಿನ ಕೊರತೆಯಿದೆ’ ಎಂಬ ಸಾಲು ಅದರಲ್ಲಿ ಎಲ್ಲೂ ಇರಲಿಲ್ಲ.

‘ಹಳ್ಳಿಯ ಜನ ಮುಗ್ಧರು, ಇದ್ದುದರಲ್ಲೇ ಸಂತೋಷವಾಗಿದ್ದಾರೆ’ ಎಂದು ಬರೆದರೆ ತಪ್ಪೇನು? ನಮಗೆ ಹಾಗೇ ಅನ್ನಿಸಿತು.

ಅನ್ನಿಸಿದ್ದು ಸುಳ್ಳಲ್ಲ. ಅತಿಥಿಗಳ ಮುಂದೆ ಯಾರ ಮನೆಯೂ ಜಗಳವಾಡುವುದಿಲ್ಲ, ನಿಮ್ಮ ಮನೆಯಲ್ಲೂ ಅಷ್ಟೇ. ಆದರೆ ನಿಮಗೆ ಮಜ್ಜಿಗೆ ಕೊಟ್ಟು ನಕ್ಕವರ ಮಗ ಬೆಂಗಳೂರಿನ ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಪಾಳಿಯಲ್ಲಿ ದುಡಿಯುತ್ತಿರಬಹುದು. ಕೊಳವೆಬಾವಿ ಬತ್ತಿ ಸಂಘದ ಸಾಲದ ಕಂತು ತಪ್ಪಿರಬಹುದು. ಊರಿನಲ್ಲಿ ಎರಡು ಪಕ್ಷಗಳಿದ್ದು, ನಿಮ್ಮ ಶಿಬಿರವನ್ನು ಯಾವ ಪಕ್ಷದವರು ಕರೆಸಿದರು ಎಂಬುದೇ ಆ ವಾರದ ರಾಜಕೀಯವಾಗಿರಬಹುದು. ಇನ್ನೊಂದು ಪಕ್ಷದವರು ಸಮಾರೋಪಕ್ಕೆ ಬರಲಿಲ್ಲ ಎನ್ನುವುದನ್ನು ಗಮನಿಸಿದಿರಾ?

ಮುಗ್ಧರು ಎಂದುಬಿಟ್ಟರೆ ಅವರನ್ನು ಕೇಳಬೇಕಾದ ಪ್ರಶ್ನೆಗಳೆಲ್ಲ ಮುಗಿದುಹೋಗುತ್ತವೆ. ಯೂರಿಯಾ ಚೀಲಕ್ಕೆ ಎಷ್ಟು, ಹಾಲಿನ ಡೇರಿಯಲ್ಲಿ ಕೊಬ್ಬಿನಂಶ ಎಷ್ಟು ಬಂದರೆ ಲೀಟರಿಗೆ ಎಷ್ಟು ಸಿಗುತ್ತದೆ, ಯಾವ ಅಧಿಕಾರಿಗೆ ಅರ್ಜಿ ಹೇಗೆ ಬರೆಯಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ. ಆ ಲೆಕ್ಕಾಚಾರದಲ್ಲಿ ಮುಗ್ಧರು ನಾವೇ.

ಜಾತಿಯ ವಿಷಯ ಬರೆಯಬಹುದೇ? ಸಮಸ್ಯೆ ಆಗುವುದಿಲ್ಲವೇ?

ಬರೆಯಬೇಕು. ಎಚ್ಚರವಾಗಿ ಬರೆಯಬೇಕು.

ಒಂದು ಶಿಬಿರದಲ್ಲಿ ಸಮೀಕ್ಷಾ ತಂಡಕ್ಕೆ ದಾರಿ ತೋರಿಸಲು ಊರಿನ ಒಬ್ಬ ಹುಡುಗ ಜೊತೆಯಾದ. ಚುರುಕಿನವನು, ಪ್ರತಿ ಮನೆಯ ಯಜಮಾನರ ಹೆಸರೂ ಗೊತ್ತು. ಒಂದು ಬೇವಿನ ಮರದ ಹತ್ತಿರ ನಿಂತು ‘ಅಷ್ಟೇ ಅಣ್ಣ, ಊರು ಮುಗೀತು’ ಎಂದ. ಮರದಾಚೆ ಇಳಿಜಾರಿನಲ್ಲಿ ಹೆಂಚಿನ ಮನೆಗಳು ಕಾಣುತ್ತಿದ್ದವು, ಒಲೆಯ ಹೊಗೆ ಏಳುತ್ತಿತ್ತು. ತಂಡದ ಒಬ್ಬ ಹುಡುಗ ಮಾತ್ರ ಆ ಮನೆಗಳನ್ನು ಡೈರಿಯಲ್ಲಿ ಗುರುತು ಹಾಕಿಕೊಂಡ. ಉಳಿದವರ ಬರಹಗಳಲ್ಲಿ ಊರು ಬೇವಿನ ಮರಕ್ಕೇ ಮುಗಿದಿತ್ತು. ಮರುದಿನ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುವಾಗಲೂ, ಡೈರಿಯಲ್ಲಿ ಗುರುತು ಹಾಕಿಕೊಂಡಿದ್ದ ಆ ಹುಡುಗ ಎದ್ದು ಹೋಗಿ ಗೆರೆ ಎಳೆಯುವವರೆಗೆ ಕೇರಿ ನಕ್ಷೆಯಲ್ಲಿರಲಿಲ್ಲ.

ಇಂಥದನ್ನು ಬರೆಯುವಾಗ ‘ಈ ಊರಿನಲ್ಲಿ ಜಾತೀಯತೆ ತಾಂಡವವಾಡುತ್ತಿದೆ’ ಎಂಬ ಘೋಷಣೆ ಬೇಕಿಲ್ಲ. ಮರ ಎಲ್ಲಿತ್ತು, ದಾರಿ ತೋರಿಸಿದ ಹುಡುಗ ಏನೆಂದ, ನೀವು ದಾಟಿದಿರೋ ಇಲ್ಲವೋ, ಇಷ್ಟು ಸಾಕು. ಯಾರಾದರೂ ಜಗುಲಿಯಲ್ಲಿ ಕೂರಿಸಿ ‘ನೀವು ಯಾವ ಪೈಕಿ?’ ಎಂದು ಕೇಳಿದರೆ, ಕೇಳಿದ್ದನ್ನು ಮಾತ್ರವಲ್ಲ, ನೀವು ಕೊಟ್ಟ ಉತ್ತರವನ್ನೂ ಅದಾದ ಮೇಲೆ ನೀರು ಬಂತೋ ಕಾಫಿ ಬಂತೋ ಎಂಬುದನ್ನೂ ಬರೆಯಿರಿ. ನಿಮ್ಮ ತಂಡದಲ್ಲೇ ಕೆಲವರಿಗೆ ಆ ಪ್ರಶ್ನೆ ತಮಾಷೆ, ಕೆಲವರಿಗೆ ಎದೆಬಡಿತ. ಇಬ್ಬರೂ ಒಂದೇ ಜಗುಲಿಯಲ್ಲಿ ಕೂತಿದ್ದರು.

ಊರಿನ ಹೆಸರು, ಮನೆಯವರ ಹೆಸರು ಬಿಡಿ. ನೀವು ಹೊರಟುಬರುತ್ತೀರಿ, ನಿಮ್ಮ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿದವರು ಅಲ್ಲೇ ಬಾಳಬೇಕು.

ಮೂಢನಂಬಿಕೆಯನ್ನು ಮೂಢನಂಬಿಕೆ ಎನ್ನಬಾರದೇ?

ತುಮಕೂರು, ಚಿತ್ರದುರ್ಗದ ಕಡೆಯ ಕಾಡುಗೊಲ್ಲರ ಹಟ್ಟಿಗಳಿಗೆ ಹೋಗಿಬಂದವರು ಕೇಳುವ ಪ್ರಶ್ನೆ ಇದು. ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯ ಹೊರಗೆ ಇರಿಸುವ ಪದ್ಧತಿಯನ್ನು ಕಂಡು ಬಂದಿರುತ್ತಾರೆ. ಮಳೆ ಚಳಿಯಲ್ಲಿ ಹಸುಗೂಸಿನ ಸಮೇತ ಹೊರಗಿರುವುದು ಪ್ರಾಣಕ್ಕೆ ಕುತ್ತು. ಅದನ್ನು ಸಂಸ್ಕೃತಿ ಎಂದು ಸಮರ್ಥಿಸುವ ಅಗತ್ಯ ಯಾರಿಗೂ ಇಲ್ಲ, ತಪ್ಪು ಎಂದೇ ಬರೆಯಿರಿ.

ಅಷ್ಟಕ್ಕೇ ನಿಲ್ಲಿಸಬೇಡಿ ಎಂದಷ್ಟೇ ನನ್ನ ಮಾತು. ಹೀಗೆ ಹೊರಗಿರುವವರಿಗಾಗಿ ಸರ್ಕಾರ ಹಟ್ಟಿಗಳ ಬಳಿ ‘ಕೃಷ್ಣ ಕುಟೀರ’ಗಳನ್ನು ಕಟ್ಟಿಸಿತು. ಬಯಲಲ್ಲಿ ಮಲಗುವುದು ತಪ್ಪಿತು ಎಂದವರಿದ್ದಾರೆ. ಪದ್ಧತಿಗೆ ಸರ್ಕಾರವೇ ಗೋಡೆ ಕಟ್ಟಿ ಕಾಯಂ ಮಾಡಿತು ಎಂದವರೂ ಇದ್ದಾರೆ. ಹಟ್ಟಿಯ ಹೆಣ್ಣುಮಕ್ಕಳು ಏನೆಂದರು? ಕಾಲೇಜಿಗೆ ಹೋಗುವ ಹುಡುಗಿ ಒಂದು ಹೇಳಿರುತ್ತಾಳೆ, ಆಕೆಯ ಅಜ್ಜಿ ಇನ್ನೊಂದು, ಗಂಡಸರು ಎದುರಿಗಿದ್ದಾಗ ಇಬ್ಬರೂ ಮೂರನೆಯದು. ಬೀದಿ ನಾಟಕ ಆಡಿ ಬಂದವರ ಬರಹದಲ್ಲಿ ಈ ಮೂರೂ ಬಂದಿದ್ದನ್ನು ನಾನು ಬಲು ಅಪರೂಪಕ್ಕೆ ಕಂಡಿದ್ದೇನೆ. ಮುಟ್ಟಿನ ದಿನ ದೇವರ ಮನೆಯತ್ತ ಸುಳಿಯದ ನಗರದ ಮನೆಗಳಿಂದ ಬಂದ ಸ್ವಯಂಸೇವಕಿಯರು ಆ ವಿಷಯವನ್ನು ಬರೆದಿದ್ದು ಇನ್ನೂ ಅಪರೂಪ.

ನಮ್ಮದು ಆದಿವಾಸಿ ಹಾಡಿಯಲ್ಲಿ ಶಿಬಿರ. ಬೇರೆ ಏನಾದರೂ ಗಮನಿಸಬೇಕೇ?

ಹೋಗುವ ಮೊದಲೇ ಓದಿಕೊಳ್ಳಬೇಕು. ಓದದೆ ಹೋದರೆ ಕಂಡದ್ದೆಲ್ಲ ತಿರುಗುಮುರುಗಾಗಿ ಕಾಣುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿಗೆ, ಅಂದರೆ ಅವರ ಹಾಡಿಗೆ, ಹೋದವರ ಬರಹಗಳಲ್ಲಿ ಒಂದು ಮಾತು ಆಗಾಗ ಬರುತ್ತದೆ: ‘ಇವರು ಹಿಂದೆ ಅಜ್ಞಾನದಿಂದ ಕಾಡಿಗೆ ಬೆಂಕಿ ಹಾಕುತ್ತಿದ್ದರು, ಈಗ ಅರಿವು ಮೂಡಿದೆ.’ ಸೋಲಿಗರ ಹಿರಿಯರನ್ನು ಕೇಳಿದರೆ ಕಥೆ ಉಲ್ಟಾ. ಬೇಸಿಗೆಯ ಮೊದಲಲ್ಲಿ ಒಣಗಿದ ತರಗೆಲೆಗೆ ಹಾಕುತ್ತಿದ್ದ ಸಣ್ಣ ಬೆಂಕಿಗೆ ತರಗು ಬೆಂಕಿ ಎನ್ನುತ್ತಾರೆ. ಅದು ನೆಲಮಟ್ಟದಲ್ಲೇ ಹರಿದು ಹೋಗುತ್ತಿತ್ತು. ಲಂಟಾನ ಎಂಬ ಕಳೆಪೊದೆಯ ಬೀಜ, ಎಳೆ ಸಸಿ ಸುಟ್ಟುಹೋಗುತ್ತಿದ್ದವು. ನೆಲ್ಲಿ ಮರಕ್ಕೆ ಅಂಟುವ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು. ಬೆಂಕಿ ನಿಂತಿತು, ಸೋಲಿಗರು ಕಾಡೊಳಗಿನ ನೆಲೆಗಳಿಂದ ಹೊರಬಿದ್ದರು. ಈಗ ಆಳೆತ್ತರ ಲಂಟಾನ ತುಂಬಿ ಜಿಂಕೆಗೂ ಮೇವಿಲ್ಲ, ಬೆಂಕಿ ಬಿದ್ದರೆ ಮರದ ತುದಿಯವರೆಗೆ ಏರುತ್ತದೆ ಎನ್ನುತ್ತಾರೆ. ಅವರ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದ ಪರಿಸರ ವಿಜ್ಞಾನಿಗಳಿದ್ದಾರೆ. 2011ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕುಪತ್ರಗಳೂ ಸಿಕ್ಕವು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಇಷ್ಟು ತಿಳಿದು ಹೋದ ವಿದ್ಯಾರ್ಥಿ ಪೋಡಿನಲ್ಲಿ ‘ಕಾಡು ಉಳಿಸಿ’ ಎಂದು ಘೋಷಣೆ ಕೂಗುತ್ತ ಜಾಥಾ ಹೊರಡುವ ಮುನ್ನ ಒಂದು ಕ್ಷಣ ಅನುಮಾನಿಸುತ್ತಾನೆ. ಆ ಅನುಮಾನ ಬರಹಕ್ಕೆ ಇಳಿಯಬೇಕು.

ಎಚ್.ಡಿ. ಕೋಟೆ, ಹುಣಸೂರಿನ ಜೇನುಕುರುಬರ ಹಾಡಿಗಳಿಗೂ ಇದೇ ಮಾತು. ಅಲ್ಲಿ ಕಬಿನಿ ಜಲಾಶಯ, ನಾಗರಹೊಳೆಯ ಸ್ಥಳಾಂತರ ಎರಡರ ಚರಿತ್ರೆಯೂ ಇದೆ. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಊರಿಗೆ ಹೋದವರು ‘ಆಫ್ರಿಕಾದ ಜನ ನಮ್ಮ ಕನ್ನಡ ಮಾತಾಡುತ್ತಾರೆ!’ ಎಂದು ಬೆರಗಾಗುವುದನ್ನು ಮೊದಲ ಪ್ಯಾರಾದಲ್ಲೇ ಮುಗಿಸಿಬಿಡಿ. ಅವರು ಇಲ್ಲಿ ನೆಲೆ ನಿಂತು ಶತಮಾನಗಳೇ ಆದವು.

ನಾವು ಮಾಡಿದ ಕೆಲಸ ಕೆಟ್ಟುಹೋಯಿತು. ಹಾಗೆಂದು ಬರೆದರೆ ಅಂಕ ಹೋಗುತ್ತದೆಯೇ?

ನನ್ನ ಕೈಯಲ್ಲಿದ್ದರೆ ಹೆಚ್ಚಾಗುತ್ತದೆ.

ಇಂಗುಗುಂಡಿಯನ್ನೇ ನೋಡಿ. ಉದ್ದ, ಅಗಲ, ಆಳ ಸುಮಾರು ಒಂದೊಂದು ಮೀಟರ್. ಅಡಿಯಲ್ಲಿ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು, ಪೈಪು, ಮುಚ್ಚಳ. ಚಾರ್ಟಿನಲ್ಲಿ ಸುಲಭ. ಅಡುಗೆಮನೆಯ ನೀರಿನ ಜೊತೆ ಬರುವ ಜಿಡ್ಡು, ಅನ್ನದ ಅಗುಳು, ಪಾತ್ರೆ ತಿಕ್ಕಿದ ಬೂದಿ ತಡೆಯಲು ಮುಂದೆ ಒಂದು ಚಿಕ್ಕ ತೊಟ್ಟಿ ಇಡದಿದ್ದರೆ ಗುಂಡಿ ಬೇಗನೆ ಕಟ್ಟಿಕೊಳ್ಳುತ್ತದೆ. ಇನ್ನು ಮಣ್ಣು ಜೇಡಿಯಾದರೆ ನೀರು ಇಂಗುವುದೇ ಇಲ್ಲ. ‘ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತೆ ಕಣಪ್ಪ, ಈ ಕಡೆ ತೋಡಿ’ ಎಂದು ಅಜ್ಜಿಯೊಬ್ಬರು ಹೇಳಿದ್ದನ್ನೂ, ಫೋಟೊದಲ್ಲಿ ರಸ್ತೆಯ ಕಡೆ ಬರಲಿ ಎಂದು ಆ ಕಡೆಯೇ ತೋಡಿದ್ದನ್ನೂ ಒಬ್ಬ ವಿದ್ಯಾರ್ಥಿ ಯಾವ ಸಮಜಾಯಿಷಿಯೂ ಇಲ್ಲದೆ ಬರೆದಿದ್ದ. ಮುಂದಿನ ತಂಡಕ್ಕೆ ನಾನು ಓದಲು ಕೊಟ್ಟದ್ದು ಆ ಪುಟವನ್ನು.

ಕೆರೆ ಹೂಳೆತ್ತಿದವರು ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬಹುದು: ಇದೇ ಕೆಲಸಕ್ಕೆ ಊರಿನವರಿಗೆ ಉದ್ಯೋಗ ಖಾತ್ರಿಯ ಕೂಲಿ ಸಿಗುತ್ತಿತ್ತೇ? ನಾವು ಪುಕ್ಕಟೆ ಎತ್ತಿದ ಮಣ್ಣು ಯಾರದಾದರೂ ಮಾನವ ದಿನಗಳ ಲೆಕ್ಕದಲ್ಲಿ ಸೇರಿತೇ?

ಕೊನೆಯ ದಿನ ಎಲ್ಲರೂ ಅತ್ತೆವು. ಅದನ್ನು ಬರೆಯಲೇ?

ಒಂದು ಸಾಲು. ಶಿಬಿರಾಗ್ನಿಯ ಸುತ್ತ ಎಲ್ಲರೂ ಅಳುತ್ತಾರೆ. ಬಹುಪಾಲು ಅತ್ತದ್ದು ಗೆಳೆಯರನ್ನು ಅಗಲುವುದಕ್ಕೆ, ಊರಿಗಾಗಿ ಅಲ್ಲ. ಅದರಲ್ಲಿ ತಪ್ಪೇನಿಲ್ಲ.

ಊರಿನವರ ಮಾತನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದಿ ಬರೆಯಬೇಕೇ?

ಬೇಡ. ಕಲಬುರಗಿಯಲ್ಲಿ ಕೇಳಿದ್ದನ್ನು ಕಲಬುರಗಿಯವರು ಆಡಿದಂತೆಯೇ ಬರೆಯಿರಿ, ಸಂದೇಹವಿದ್ದರೆ ಆ ಕಡೆಯ ಸಹಪಾಠಿಗೆ ತೋರಿಸಿ. ನಗಿಸಲಿಕ್ಕೆಂದು ಮಾತ್ರ ಬಳಸಬೇಡಿ. ಲಂಬಾಣಿ ತಾಂಡಾದಲ್ಲಿ ಅಥವಾ ಪೋಡಿನಲ್ಲಿ ನಿಮ್ಮೊಡನೆ ಕನ್ನಡ ಆಡಿದವರು ತಮ್ಮ ಎರಡನೆಯ ಭಾಷೆಯಲ್ಲಿ ಮಾತಾಡುತ್ತಿದ್ದರು. ಅವರ ಮಾತು ಚಿಕ್ಕದಾಗಿತ್ತು ಎಂದ ಮಾತ್ರಕ್ಕೆ ಹೇಳಲು ಕಡಿಮೆಯಿತ್ತು ಎಂದಾಗುವುದಿಲ್ಲ.

ಫೋಟೊ, ರೀಲ್ಸ್?

ನೀವು ಗುದ್ದಲಿ ಹಿಡಿದದ್ದು ಹಾಕಿಕೊಳ್ಳಿ. ಮೂಗು ಸುರಿಸುತ್ತಿರುವ ಮಗುವನ್ನು ಎತ್ತಿಕೊಂಡದ್ದು ಬೇಡ. ನಿಮ್ಮ ತಮ್ಮನನ್ನು ಆ ಸ್ಥಿತಿಯಲ್ಲಿ ಅಪರಿಚಿತರು ಹಾಕಿದ್ದರೆ ಸುಮ್ಮನಿರುತ್ತಿದ್ದಿರಾ? ಬಾಲಮಂದಿರಗಳಿಗೆ ಭೇಟಿ ಕೊಟ್ಟವರಿಗಂತೂ ಇದು ಕಾನೂನಿನ ವಿಷಯ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಅಲ್ಲಿನ ಮಕ್ಕಳ ಗುರುತು ಬಯಲಾಗುವಂಥ ಏನನ್ನೂ ಪ್ರಕಟಿಸುವಂತಿಲ್ಲ. ಹೆಸರು, ಶಾಲೆ, ಚಿತ್ರ ಎಲ್ಲವೂ ಸೇರಿತು.

ಚಾಟ್‌ಜಿಪಿಟಿಯಲ್ಲಿ ಬರೆಸಿದರೆ ಗೊತ್ತಾಗುತ್ತದೆಯೇ?

ಆ ಬೇವಿನ ಮರ ಅದಕ್ಕೆ ಗೊತ್ತಿರುವುದಿಲ್ಲ. ನನಗೆ ಗೊತ್ತಾಗುತ್ತದೆ.

ಎನ್‌ಎಸ್‌ಎಸ್ ಶುರುವಾದದ್ದು ಯಾವಾಗ, ಯಾರಿಂದ? ಸಂದರ್ಶನದಲ್ಲಿ ಕೇಳುತ್ತಾರೆ.

1969ರ ಸೆಪ್ಟೆಂಬರ್ 24, ಗಾಂಧಿ ಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ. ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್. ಅವರು ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಹೋಗಿದ್ದವರು, ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಕಟ್ಟಿದವರು. ಬ್ಯಾಡ್ಜಿನ ಮೇಲಿರುವುದು ಕೋನಾರ್ಕ್ ಸೂರ್ಯ ದೇವಾಲಯದ ರಥದ ಚಕ್ರ. ಸಂದರ್ಶನಕ್ಕೆ ಇಷ್ಟು ಸಾಕು.

ವಿದೇಶದ ವಿಶ್ವವಿದ್ಯಾಲಯದ ಅರ್ಜಿಗೆ ಇದೇ ಅನುಭವವನ್ನು ಬಳಸಬಹುದೇ?

ಬಳಸಿ, ಹಿಗ್ಗಿಸಬೇಡಿ. ‘ಏಳು ದಿನದಲ್ಲಿ ಒಂದು ಗ್ರಾಮದ ಬದುಕನ್ನು ಬದಲಾಯಿಸಿದೆ’ ಎಂಬ ವಾಕ್ಯವನ್ನು ಆ ಕಡೆಯವರು ಸಾಕಷ್ಟು ಓದಿರುತ್ತಾರೆ, ಅವರ ಮಕ್ಕಳೂ ಕೀನ್ಯಾಕ್ಕೆ, ಗ್ವಾಟೆಮಾಲಾಕ್ಕೆ ಹೋಗಿ ಅದನ್ನೇ ಬರೆಯುತ್ತಾರೆ. ಇವಾನ್ ಇಲಿಚ್ ಎಂಬ ಚಿಂತಕ 1968ರಲ್ಲಿ, ಮೆಕ್ಸಿಕೋದಲ್ಲಿ ಬೇಸಿಗೆ ಸೇವೆಗೆ ಬಂದಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಂದೆ ನಿಂತು ನೇರವಾಗಿ ಹೇಳಿದ್ದ: ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಕಲಿಯಲು ಬನ್ನಿ, ಉದ್ಧಾರಕ್ಕೆಂದು ಮಾತ್ರ ಬರಬೇಡಿ ಎಂಬುದು ಅವನ ಮಾತಿನ ಸಾರ.

ನಾನು ಅವನಷ್ಟು ದೂರ ಹೋಗುವುದಿಲ್ಲ. ಮಂಡ್ಯದ ವಿದ್ಯಾರ್ಥಿ ಮಳವಳ್ಳಿ ಕಡೆಯ ಹಳ್ಳಿಗೆ ಹೋದರೆ ಅವನು ವಿದೇಶಿಯಲ್ಲ. ಅದೇ ಜಿಲ್ಲಾ ಪಂಚಾಯಿತಿ, ಅದೇ ಕಾವೇರಿ ನಾಲೆ, ನಾಳೆ ಅವನೇ ಅಲ್ಲಿ ಗ್ರಾಮ ಆಡಳಿತ ಅಧಿಕಾರಿಯೋ ಶಿಕ್ಷಕನೋ ಆಗಿ ಹೋಗಬಹುದು. ಅವನಿಗೆ ಹೊಣೆಯಿದೆ, ಮರಳುವ ದಾರಿಯೂ ಇದೆ. ಅರ್ಜಿಯಲ್ಲಿ ಬರೆಯಲು ಯೋಗ್ಯವಾದದ್ದು ಅದೇ.

ಬರೆದದ್ದನ್ನು ಊರಿನವರಿಗೆ ತೋರಿಸಬೇಕೇ?

ಅನುಭವ ಬರಹವನ್ನು ತೋರಿಸಲೇಬೇಕೆಂದಿಲ್ಲ. ಸಮೀಕ್ಷೆಯನ್ನು ಮಾತ್ರ ಕೊಡಲೇಬೇಕು. ಮನೆಮನೆಗೆ ಹೋಗಿ ಆದಾಯ ಎಷ್ಟು, ಸಾಲ ಎಷ್ಟು, ಶಾಲೆ ಬಿಟ್ಟ ಮಕ್ಕಳೆಷ್ಟು ಎಂದು ಕೇಳಿ ತುಂಬಿಸಿದ ಫಾರಂಗಳು ಕಾಲೇಜಿನ ಬೀರುವಿನಲ್ಲಿ ದಾರ ಕಟ್ಟಿಸಿಕೊಂಡು ಕೂರುತ್ತವೆ. ಮುಂದಿನ ವರ್ಷ ಅದೇ ಊರಿಗೆ ಇನ್ನೊಂದು ಕಾಲೇಜು ಹೋಗಿ ಅದನ್ನೇ ಕೇಳುತ್ತದೆ. ‘ಹೋದ ಸಲ ಬರ್ಕೊಂಡ್ ಹೋದ್ರಲ್ಲ, ಏನಾಯ್ತು?’ ಎಂದು ಕೇಳುವ ಮನೆಗಳಿಗೆ ಉತ್ತರ ನಮ್ಮ ಹತ್ತಿರ ಇರುವುದಿಲ್ಲ.

ಹೆಸರುಗಳನ್ನು ತೆಗೆದು, ಅಂಕಿಗಳನ್ನು ಒಟ್ಟು ಮಾಡಿ, ಎರಡು ಪುಟದ ಕನ್ನಡ ಟಿಪ್ಪಣಿ ಮಾಡಿ. ಒಂದು ಪ್ರತಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ), ಒಂದು ಶಾಲೆಯ ಮುಖ್ಯ ಶಿಕ್ಷಕರಿಗೆ, ಒಂದು ಆಶಾ ಕಾರ್ಯಕರ್ತೆಗೆ. ಮುಂದಿನ ಗ್ರಾಮಸಭೆ ಯಾವಾಗ ಎಂದು ಪಿಡಿಒ ಅವರನ್ನೇ ಕೇಳಿ, ಇಬ್ಬರಾದರೂ ಬಸ್ಸು ಹಿಡಿದು ಹೋಗಿ ಅದನ್ನು ಅಲ್ಲಿ ಓದಿ. ಬಸ್ ಚಾರ್ಜು ಶಿಬಿರದ ಲೆಕ್ಕದಲ್ಲಿ ಬರುವುದಿಲ್ಲ, ನನ್ನ ಹತ್ತಿರ ಬನ್ನಿ, ನೋಡೋಣ.